ಎರಡು ಸೀಟಿಗಳ ನಡುವೆ

ಆ ಊರಿನಲ್ಲಿ ನನಗೆ ಸಿಕ್ಕಿದ ಕೆಲಸಕ್ಕೆ ಬದಲುಗೈ ಎಂದು ಹೆಸರು. ಅದಕ್ಕೆ ಮೊದಲು ನಾನು ಲಾರಿಗಳಲ್ಲಿ ಕ್ಲೀನರನಾಗಿ, ಟೂರಿಂಗ್ ಟಾಕೀಸಿನ ಗೇಟು ಕಾಯುವವನಾಗಿ, ಒಂದು ಮಳೆಗಾಲವಿಡೀ ಸೋರುವ ದೋಣಿಯ ನೀರು ತೋಡುವವನಾಗಿ ದುಡಿದಿದ್ದೆ. ಎಲ್ಲಿಯೂ ಚಾಪೆ ಹಳೆಯದಾಗುವಷ್ಟು ದಿನ ಉಳಿದವನಲ್ಲ. ಬಸ್ಸಿನಿಂದ ಇಳಿದೊಡನೆ ಹೆಂಗಸೊಬ್ಬಳು ನನ್ನನ್ನು ತಡೆದು, ನೀನು ಗುಡ್ಡದ ಮೇಲೆ ಕಲಿತವನೋ ಅಲ್ಲವೋ ಎಂದು ಕೇಳಿದಳು. ಯಾವ ಗುಡ್ಡ ಎಂದು ನಾನು ತಿರುಗಿ ಕೇಳಿದ್ದೇ ಆಕೆಗೆ ಸಾಕಾಯಿತು. ಹಾಗಾದರೆ ಬಾ, ಬದಲುಗೈ ಇಲ್ಲದೆ ನಮ್ಮ ಅಕ್ಕಿಯೆಲ್ಲ ಸೀಯುತ್ತಿದೆ ಎಂದು ಕರೆದುಕೊಂಡು ಹೋದಳು. ಆಕೆಯ ಹೆಸರು ಕರಿಬಸಮ್ಮ. ಮನೆಯ ಮುಂದೆ ಬೀದಿಗೆ ತೆರೆದುಕೊಂಡಂತೆ ಆಕೆಯ ಗಂಡ ಹಾಲಪ್ಪನ ಮಂಡಕ್ಕಿ ಭಟ್ಟಿ ಇತ್ತು.

ಊರಿನ ಬೆನ್ನಿಗಿದ್ದ ಗುಡ್ಡದ ಮೇಲೆ ಸೈನ್ಯದ ತರಬೇತಿ ಮೈದಾನ. ಊರಿನ ಗಂಡಸರಲ್ಲಿ ಬಹುಪಾಲು ಜನ ಹರೆಯದಲ್ಲಿ ಒಂದು ವರ್ಷ ಅಲ್ಲಿದ್ದು ಕಲಿತು ಇಳಿದವರು. ಓಟ, ತೆವಳುವುದು, ಹಗ್ಗ ಹತ್ತುವುದು, ಎಲ್ಲವನ್ನೂ ಕಲಿಸುತ್ತಿದ್ದರು. ಆದರೆ ಎಲ್ಲದರ ತಿರುಳು ಸೀಟಿ ಊದಿದಾಗ ನಿಲ್ಲುವುದು. ಒಮ್ಮೆ ಸೀಟಿ ಹಿಡಿದ ಮೈಯನ್ನು ಅದು ಆಮೇಲೆ ಬಿಡುತ್ತಿರಲಿಲ್ಲ. ಮೇಲೆ ಕಲಿಸುವ ಉಸ್ತಾದರು ಹೊಸಬರಿಗಾಗಿ ಊದಿದರೆ, ಕೆಳಗೆ ಕಲಿತವರೆಲ್ಲ ಇದ್ದ ಭಂಗಿಯಲ್ಲಿಯೇ ನಿಂತುಬಿಡುತ್ತಿದ್ದರು. ಎರಡನೆಯ ಸೀಟಿ ಬರುವವರೆಗೆ ಅವರಿಗೆ ಕಾಣುತ್ತಿರಲಿಲ್ಲ, ಕೇಳುತ್ತಿರಲಿಲ್ಲ, ತೆರೆದ ಕಣ್ಣು ತೆರೆದಂತೆಯೇ ಇರುತ್ತಿತ್ತು. ಅದು ಕೆಲವೊಮ್ಮೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಬರುತ್ತಿತ್ತು, ಕೆಲವೊಮ್ಮೆ ಒಂದು ಗಂಟು ಬಟ್ಟೆ ಒಗೆದು ಹಿಂಡಿ ಹರವುವಷ್ಟು ತಡವಾಗುತ್ತಿತ್ತು. ಯಾವ ಹೊತ್ತಿಗೆ ಎಂಬುದು ಉಸ್ತಾದರ ಮರ್ಜಿ. ಈ ಸೈನ್ಯ ಯಾರ ಮೇಲೆ ದಂಡೆತ್ತಿ ಹೋಗುತ್ತದೆಂದು ನಾನು ಕೇಳಲಿಲ್ಲ. ಊರಿನವರೂ ಕೇಳಿದಂತೆ ಕಾಣಲಿಲ್ಲ.

ಊರು ಇದಕ್ಕೆಲ್ಲ ಒಗ್ಗಿಕೊಂಡಿತ್ತು. ಕಲಿತವರನ್ನು ಅಲ್ಲಿ ನಿಂತವರು ಎನ್ನುತ್ತಿದ್ದರು. ನಿಂತವರು ತೆಂಗಿನ ಮರ ಹತ್ತುತ್ತಿರಲಿಲ್ಲ. ಅವರ ಸೈಕಲ್ಲುಗಳಿಗೆ ಮೂರು ಚಕ್ರ. ಹೆಣ ಹೊರುವ ನಾಲ್ವರಲ್ಲಿ ಇಬ್ಬರಾದರೂ ಕಲಿಯದವರಿರಬೇಕು. ತಾಳಿ ಕಟ್ಟುವ ಮದುಮಗ ನಿಂತವನಾಗಿದ್ದರೆ ಸೋದರಮಾವ ಅವನ ಕೈ ಹಿಡಿದೇ ಇರುತ್ತಿದ್ದ. ಮಾತಿನ ನಡುವೆ ಸೀಟಿ ಬಿದ್ದರೆ ಎರಡನೆಯ ಸೀಟಿಯ ನಂತರ ನಿಂತವನು ಅರ್ಧ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದ, ಕೇಳುವವರು ಅಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಅವನು ಅಕ್ಕಪಕ್ಕದವರನ್ನು, ನಡುವೆ ಏನಾಯಿತು ಎಂದು ಕೇಳುವುದು ವಾಡಿಕೆ. ಬೆಕ್ಕು ಹಾಲು ಕುಡಿಯಿತು, ಮೂಲೆಮನೆಯ ಮುದುಕಿ ಬಂದು ಎಲೆ ಅಡಿಕೆ ಇಸಿದುಕೊಂಡು ಹೋದಳು, ಹೀಗೆ ನಡುವಿನ ಸುದ್ದಿ ಹೇಳುವುದು ಬದಲುಗೈಯ ಕೆಲಸಗಳಲ್ಲೊಂದು.

ಮುಖ್ಯ ಕೆಲಸವೆಂದರೆ, ಸೀಟಿ ಬಿದ್ದೊಡನೆ ಹಾಲಪ್ಪನ ಕೈಯಿಂದ ಹುಟ್ಟನ್ನು, ಅಂದರೆ ಮರದ ಉದ್ದ ಸೌಟನ್ನು, ಬಿಡಿಸಿಕೊಂಡು ನಾನು ಮರಳು ಕಲಕಬೇಕು. ಭತ್ತದ ಹೊಟ್ಟಿನ ಉರಿಗೆ ಕಾದ ಮರಳಿನಲ್ಲಿ ಅಕ್ಕಿ ಕ್ಷಣದಲ್ಲಿ ಅರಳುತ್ತದೆ, ಮತ್ತೊಂದು ಕ್ಷಣ ಬಿಟ್ಟರೆ ಕಪ್ಪಾಗುತ್ತದೆ. ನಿಂತವನ ಮುಷ್ಟಿಯನ್ನು ಬಲದಿಂದ ಬಿಡಿಸಲಾಗದು. ಕಿರುಬೆರಳಿನಿಂದ ಆರಂಭಿಸಿ ಒಂದೊಂದನ್ನೇ ಮೇಲೆತ್ತುತ್ತ ಬರಬೇಕು. ಹೆಬ್ಬೆರಳಿಗೆ ಬರುವಷ್ಟರಲ್ಲಿ ಹಿಡಿ ತಾನೇ ಸಡಿಲುತ್ತದೆ. ಇದನ್ನು ಕರಿಬಸಮ್ಮ ಒಂದೇ ಬೆಳಿಗ್ಗೆಯಲ್ಲಿ ನನಗೆ ಕಲಿಸಿದಳು. ಇನ್ನೊಂದು ಪಾಠವನ್ನೂ ಹೇಳಿದಳು: ಸೀಟಿಯ ನಡುವೆ ಹೆಂಗಸರು ಆಡುವ ಮಾತು ನಡುವಿನ ಸುದ್ದಿಗೆ ಸೇರುವುದಿಲ್ಲ, ಬದಲುಗೈ ಆಗ ಗೋಡೆಯಂತಿರಬೇಕು.

ಏಕೆಂದರೆ ಅಲ್ಲಿಯ ಹೆಂಗಸರು ಗಂಡಂದಿರೊಡನೆ ಮಾತನಾಡುತ್ತಿದ್ದುದು ಅವರು ನಿಂತಿರುವಾಗ. ಸೀಟಿ ಬಿದ್ದಿತೆಂದರೆ ಕೈ ಒರೆಸಿಕೊಂಡು ಗಂಡನ ಎದುರಿಗೆ ಬಂದು ನಿಲ್ಲುತ್ತಿದ್ದರು, ಇಲ್ಲವೇ ಅವನ ಕಾಲ ಬಳಿ ಕೂತು ಅವರೆಕಾಯಿ ಸುಲಿಯುತ್ತ ಶುರುಮಾಡುತ್ತಿದ್ದರು. ದೂರು, ಹಳೆಯ ಸಿಟ್ಟು, ತವರಿನ ನೆನಪು, ಬಿದ್ದ ಕನಸು, ಎಲ್ಲವೂ ಬರುತ್ತಿತ್ತು. ಎದ್ದು ಓಡಾಡುವ ಗಂಡನಿಗೆ ಅದರಲ್ಲಿ ಒಂದು ಅಕ್ಷರವನ್ನೂ ಹೇಳುತ್ತಿರಲಿಲ್ಲ. ಕರಿಬಸಮ್ಮ ಉಳಿದ ಹೊತ್ತು ಗಂಡನನ್ನು ನೀವು ಎನ್ನುತ್ತಿದ್ದಳು, ಹೆಸರನ್ನಂತೂ ಬಾಯಿಗೆ ತಂದವಳಲ್ಲ. ಸೀಟಿಯ ನಡುವೆ ಮಾತ್ರ ಅವನು ಹಾಲಪ್ಪ, ನೀನು. ಮೊಣಕಾಲಿನ ನೋವು, ಸತ್ತುಹೋದ ತಮ್ಮ, ಮದುವೆಯಲ್ಲಿ ಅವನ ಕಿವಿಗಳನ್ನು ನೋಡಿ ತನಗೆ ಅಳು ಬಂದದ್ದು, ಆಮೇಲೆ ಆ ಕಿವಿಗಳೇ ರೂಢಿಯಾದದ್ದು, ಹೀಗೆ ಎಲ್ಲಿಂದೆಲ್ಲಿಗೋ ಹೋಗುವ ಮಾತು. ನಾನು ಬೆಂಕಿಯ ಕಡೆ ಮುಖ ಮಾಡಿ ಕಲಕುತ್ತಿದ್ದೆ.

ಭಾನುವಾರ ಸಂಜೆ ಭಟ್ಟಿಯ ಬೆಚ್ಚನೆಯ ಗೋಡೆಗೆ ಒತ್ತಿ ಹಾಕಿದ ಉದ್ದನೆಯ ಬೆಂಚು ತುಂಬುತ್ತಿತ್ತು. ಅಲ್ಲಿ ಕೂರುವ ಹಕ್ಕು ನಿಂತವರಿಗೆ ಮಾತ್ರ. ಮುಖ್ಯರೆಂದರೆ ಕ್ಷೌರದ ಇಮಾಮಸಾಬ ಮತ್ತು ದರ್ಜಿ ನಾಗೋಜಿ. ರಜೆಯ ಮೇಲೆ ಇಳಿದ ಹೊಸಬರು ಬೆಂಚಿನ ಎದುರು ನೆಲದ ಮೇಲೆ ಕೂರುತ್ತಿದ್ದರು. ಕಲಿಯದವರಿಗೆ ಮೂಲೆಯಲ್ಲಿ ಹೊಟ್ಟಿನ ಚೀಲಗಳಿದ್ದವು. ಮೈದಾನದ ಕಥೆ ಹೇಳುವುದು ಬೆಂಚಿನವರ ಕೆಲಸ, ನಡುವೆ ಕೊಂಕು ತೆಗೆಯುವುದು ನೆಲದವರದು, ಚೀಲದವರು ಕೇಳಬಹುದಿತ್ತು. ಮೈಯನ್ನು ಸೀಟಿ ಬಿಟ್ಟುಹೋದ ನಿಂತವನೂ ಚೀಲಕ್ಕೆ ಹೋಗಬೇಕು, ಅಂಥವನ ಬಾಯಲ್ಲಿ ಮೈದಾನದ ಕಥೆ ಸಲ್ಲದು. ಇದು ಬಹಳ ಅಪರೂಪಕ್ಕೆ ಆಗುತ್ತಿತ್ತಂತೆ.

ಮಂಡಕ್ಕಿಗೆ ಮೆಣಸಿನಕಾಯಿ, ಈರುಳ್ಳಿ ಬೆರೆತೊಡನೆ ಹೋಲಿಕೆ ಆರಂಭವಾಗುತ್ತಿತ್ತು. ನಾಗೋಜಿಯ ಕಾಲದಲ್ಲಿ ಎಲ್ಲರಿಗೂ ಒಂದೇ ಅಳತೆಯ ಬೂಟು, ಸಡಿಲವಿದ್ದವರು ಹುಲ್ಲು ತುರುಕಿಕೊಳ್ಳಬೇಕು, ಆ ಹುಲ್ಲಿನ ಆಸೆಗೆ ಮೈದಾನದ ಹೇಸರಗತ್ತೆ ಕಾಲು ಬಿಡದೆ ಹಿಂದೆ ಬರುತ್ತಿತ್ತು. ಹೊಸಬರಿಗೆ ಈಗ ಅಳತೆಯ ಬೂಟು, ಆದರೆ ಅವನ್ನು ಕೊಟ್ಟ ದಿನವೇ ಒದ್ದೆ ಮಾಡಿಸುತ್ತಾರೆ. ಹಿಂದೆ ಅಂಬಲಿ ಎಷ್ಟು ತೆಳುವೆಂದರೆ ಬಟ್ಟಲಿನಲ್ಲಿ ಉಸ್ತಾದನ ಮುಖ ಕಾಣುತ್ತಿತ್ತು. ಈಗ ಉಪ್ಪಿಟ್ಟು, ಅದರಲ್ಲಿ ರವೆಗಿಂತ ಕಲ್ಲು ಹೆಚ್ಚು. ತನ್ನ ಕಾಲದಲ್ಲಿ ಕುರಿಯ ಕತ್ತರಿಯಿಂದ ತಲೆ ಬೋಳಿಸುತ್ತಿದ್ದರೆಂದು ಇಮಾಮಸಾಬ ಹೇಳಿದರೆ, ಒಬ್ಬ ಹುಡುಗ ತನ್ನ ನೆತ್ತಿ ತೋರಿಸಿ, "ಈಗ ಮಿಷನ್ ಬಂದೈತೆ ಚಾಚಾ, ಆದ್ರೆ ಅದು ಕತ್ತರಿಸಲ್ಲ, ಕೀಳ್ತೈತೆ" ಎನ್ನುತ್ತಿದ್ದ. ಯಾರ ಉಸ್ತಾದ ಹೆಚ್ಚು ಕ್ರೂರಿ ಎಂಬ ಚರ್ಚೆ ಎಂದೂ ಮುಗಿದದ್ದಿಲ್ಲ. ನಿಮ್ಮ ಕಾಲದಲ್ಲಿ ಗುಡ್ಡವೂ ಇನ್ನೂ ಎತ್ತರ ಇತ್ತೇನಜ್ಜ ಎಂದು ಹುಡುಗರು ಛೇಡಿಸಿದರೆ ಹಾಲಪ್ಪನ ಉತ್ತರ ಸಿದ್ಧವಿತ್ತು.

"ಇತ್ತು ಮಗ. ನಾವು ಓಡೀ ಓಡೀ ಸವೆದೈತೆ."

ಕಡೆಗೆ ಬರುತ್ತಿದ್ದುದು ನಿಂತ ಕಥೆಗಳು. ನಾಗೋಜಿಯನ್ನು ಸೀಟಿ ಹಿಡಿದದ್ದು ಬಹಿರ್ದೆಸೆಗೆ ಕೂತಾಗ. ಉಸ್ತಾದ ಅವನನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಿದ್ದ. ಇಂಥ ಕಥೆಗಳಲ್ಲಿ ಒಂದು ವಿಚಿತ್ರವಿತ್ತು. ನಿಂತಾಗ ಏನೂ ತಿಳಿಯದಿರುವುದರಿಂದ, ಪ್ರತಿಯೊಬ್ಬನ ಅತಿ ದೊಡ್ಡ ಕಥೆಯೂ ಅವನಿಗೆ ಬೇರೆಯವರು ಹೇಳಿದ್ದೇ ಆಗಿರುತ್ತಿತ್ತು. ಆದ್ದರಿಂದ ಹೇಳಿದವರು ಯಾರೆಂದು ಮೊದಲೇ ತಿಳಿಸಿ ಕಥೆ ಶುರುಮಾಡುವುದು ಬೆಂಚಿನ ಮರ್ಯಾದೆ. ಹಾಲಪ್ಪನ ಚೇಳಿನ ಕಥೆ ಎಲ್ಲಕ್ಕೂ ಮಿಗಿಲೆಂದು ಹೆಸರಾಗಿತ್ತು. ಅದು ಪ್ರತಿ ಸಲವೂ ಹೀಗೆ ಆರಂಭವಾಗುತ್ತಿತ್ತು: ಇದು ನಮ್ಮ ಉಸ್ತಾದ್ ಆಮೇಲೆ ತಮ್ಮ ಬಾಯಿಂದಲೇ ಹೇಳಿದ್ದು. ರೊಟ್ಟಿಗೆ ಕೈ ಚಾಚಿದ ಹಾಲಪ್ಪನನ್ನು ಸೀಟಿ ಹಿಡಿದಿದೆ, ಚಾಚಿದ ಅಂಗೈ ಮೇಲೆ ಎಲ್ಲಿಂದಲೋ ಚೇಳು ಬಿದ್ದಿದೆ, ಮಣಿಕಟ್ಟು ದಾಟಿ, ಮೊಣಕೈ ದಾಟಿ, ಹೆಗಲಿಗೆ ಬಂದಿದೆ, ಉಸ್ತಾದನಿಗೆ ಎರಡನೆಯ ಸೀಟಿ ಊದಲು ಉಸಿರೇ ಬರುತ್ತಿಲ್ಲ. ಊರಿನ ಮಕ್ಕಳಿಗೂ ಇದು ಬಾಯಿಪಾಠ. ಆದರೂ ಚೇಳು ಮೊಣಕೈಗೆ ಬಂದಾಗ ಬೆಂಚು ಉಸಿರು ಹಿಡಿಯುತ್ತಿತ್ತು.

ನಾನು ಸೇರಿ ಒಂದು ಸುಗ್ಗಿ ಕಳೆದಿರಬಹುದು. ಒಂದು ದಿನ ಸೀಟಿ ಬಿದ್ದಾಗ ಹಾಲಪ್ಪನ ಕಿರುಬೆರಳಿಗೆ ಕೈ ಹಾಕಿದೆ. ಎತ್ತುವ ಮೊದಲೇ ಅದು ಎದ್ದಿತು. ನಿಂತವನ ಕೈಯಿಂದ ಹುಟ್ಟನ್ನು ತೆಗೆದುಕೊಳ್ಳಬೇಕಾಗುತ್ತದೆ. ಆ ದಿನ ಹಾಲಪ್ಪ ಕೊಟ್ಟ. ಕೊಡುವ ಕೈಗೂ ಬಿಡಿಸಿಕೊಳ್ಳಬೇಕಾದ ಕೈಗೂ ಇರುವ ಅಂತರವನ್ನು ಬದಲುಗೈಯಲ್ಲದೆ ಇನ್ನೊಬ್ಬರು ಅರಿಯಲಾರರು. ತಲೆಯೆತ್ತಿ ನೋಡಿದೆ. ಹೊಟ್ಟಿನ ಹೊಗೆಗೆ ಅವನ ಕಣ್ಣಂಚಿನಲ್ಲಿ ನೀರು ತುಂಬಿ ನಿಂತಿತ್ತು. ನಿಂತವರ ಕಣ್ಣು ಹೊಗೆಗೆ ಉರಿಯುವುದಿಲ್ಲ. ನಾನು ಏನೂ ಆಗದವನಂತೆ ಮರಳು ಕಲಕಿದೆ, ಕರಿಬಸಮ್ಮ ಬಂದು ಅವನ ಎದುರಿಗೆ ಕೂತು ತನ್ನ ಮೊಣಕಾಲಿನ ವಿಷಯ ಹೇಳಿದಳು, ಎರಡನೆಯ ಸೀಟಿಯಾಯಿತು. ಅವನು ವಾಡಿಕೆಯಂತೆ ನಡುವೆ ಏನಾಯಿತೆಂದು ಕೇಳಿದ. ಏನೂ ಇಲ್ಲ, ಒಂದು ನಾಯಿ ಹಾದುಹೋಯಿತು ಎಂದೆ.

ಮಾರನೆಯ ಬೆಳಿಗ್ಗೆ ಅಕ್ಕಿಗೆ ಉಪ್ಪುನೀರು ಹಚ್ಚುತ್ತ ಅವನೇ ಮಾತು ತೆಗೆದ. ಕಳೆದ ಚಳಿಗಾಲದಲ್ಲಿ ಅವನು ಒಂದು ವಾರ ಜ್ವರದಿಂದ ಮಲಗಿದ್ದುದು ನನಗೂ ನೆನಪಿತ್ತು. ಅದು ಇಳಿದಾಗ ಸೀಟಿಯೂ ಇಳಿದುಹೋಗಿತ್ತಂತೆ. ಅಂದಿನಿಂದ ಮುಷ್ಟಿ ಬಿಗಿಹಿಡಿದು ನಿಂತಂತೆ ನಟಿಸುತ್ತಿದ್ದಾನೆ, ಹಿಂದಿನ ದಿನ ಮಾತ್ರ ಬೆರಳು ಮರೆತಿತ್ತು. ಬೆಂಚು ತಪ್ಪೀತೆಂಬ ಭಯವಿರಬೇಕೆಂದು ನಾನು ತಿಳಿದೆ, ಹಾಗೆಯೇ ಹೇಳಿದೆ. ಅವನು ತಲೆಯಾಡಿಸಿದ.

"ಮೊದಮೊದ್ಲು ಬೆಂಚಿಗೇ ಅಂಜಿದ್ದೆ ಕಣಪ್ಪ, ಸುಳ್ಳು ಹೇಳಲ್ಲ. ಆಮ್ಯಾಕೆ ಈಕೆ ಮಾತು ಕೇಳಿಸ್ತು. ಇಷ್ಟು ವರ್ಷ ಒಂದೇ ಮನೆಯಾಗಿದ್ದು, ಈಕೆ ಇಷ್ಟು ಮಾತಾಡ್ತಾಳೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ನನ್ ಹೆಸ್ರು ಹಿಡಿದು ಕರೀತಾಳೆ. ಸೀಟಿ ಬಿಟ್ಟೈತೆ ಅಂತ ಒಪ್ಕಂಡ್ರೆ ಇನ್ಯಾವಾಗ ಮಾತಾಡ್ತಾಳೆ ಹೇಳು."

ಗೋಡೆಯಂತಿರುವ ನನ್ನ ಕರಾರು ಅವನ ಗುಟ್ಟಿಗೂ ಅನ್ವಯಿಸುತ್ತದೆ ಎಂದೆ. ಅಂದಿನಿಂದ ಅವನಿಗೆ ಹೊಗೆ ಬಡಿಯದಂತೆ ಉರಿಯನ್ನು ಇನ್ನೊಂದು ಮಗ್ಗುಲಿಗೆ ಹಾಕತೊಡಗಿದೆ. ಅವನಾದರೋ ಬೆಳಗಿನಿಂದ ಗುಡ್ಡದ ಕಡೆಗೆ ಕಿವಿಯಿಟ್ಟಿರುತ್ತಿದ್ದ. ಉಸ್ತಾದರು ಒಂದು ದಿನ ಕಡಿಮೆ ಊದಿದರೆ ಊಟದ ರುಚಿ ಕೆಡುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಸೀಟಿ ಬಹಳ ದೀರ್ಘವಾಯಿತು. ಕರಿಬಸಮ್ಮ ಜರಡಿ ಹಿಡಿದು ಹಾಲಪ್ಪನ ಪಕ್ಕದಲ್ಲಿಯೇ ನಿಂತಿದ್ದವಳು, ಇದ್ದಕ್ಕಿದ್ದಂತೆ ನಗತೊಡಗಿದಳು. ಇದನ್ನು ಯಾರಿಗೂ ಹೇಳಿಲ್ಲ ಹಾಲಪ್ಪ, ನಿನಗೂ ಹೇಳಿಲ್ಲ ಎಂದು ಆರಂಭಿಸಿದಳು. ಮದುವೆಯಾದ ಹೊಸದರಲ್ಲಿ, ತವರಿಗೆ ಕಳಿಸಲಿಲ್ಲವೆಂಬ ಸಿಟ್ಟಿಗೆ, ಅವನು ನೀರಿನ ಕೊಡ ಹೊತ್ತು ಬರುವಾಗ ಹಿತ್ತಲಿನಲ್ಲಿ ನಿಂತು ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಊದಿದ್ದಳಂತೆ. ಹುಡುಗಿಯಾಗಿದ್ದಾಗ ಕುರಿ ಕಾಯುತ್ತ ಕಲಿತ ಸೀಟಿ. ಅವನು ಅಲ್ಲೇ ನಿಂತುಬಿಟ್ಟ. ಇವಳು ಅವನ ಸುತ್ತಲೂ ತಿರುಗಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಬಿಡಿಸುವುದು ಹೇಗೆಂದು ತಿಳಿಯದೆ ಹೆದರಿ, ತುಟಿ ಒಣಗಿ ಮತ್ತೆ ಸೀಟಿಯೇ ಬಾರದೆ, ಅವನ ಪಾದ ಹಿಡಿದುಕೊಂಡು ಅತ್ತಳು. ಅವನ ಕೊಡದಿಂದ ನೀರು ಚಿಮುಕಿಸಿಕೊಂಡು ಬಾಯಿ ಒದ್ದೆ ಮಾಡಿಕೊಂಡ ಮೇಲೆ ಎರಡನೆಯದು ಬಂತು. ಯಾಕೆ ಅಳ್ತಿದ್ದೀ ಎಂದು ಅವನು ಕೇಳಿದ್ದ. ತವರಿನ ನೆನಪಾಯಿತು ಎಂದಿದ್ದಳು. ಮಾರನೆಯ ದಿನ ಅವನೇ ಅವಳನ್ನು ತವರಿಗೆ ಬಿಟ್ಟು ಬಂದಿದ್ದ. ಇದನ್ನು ಹೇಳಿ ಮುಗಿಸಿ ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಓರೆಗಣ್ಣಿನಿಂದ ನೋಡಿದೆ. ಹಾಲಪ್ಪ ಕದಲಿರಲಿಲ್ಲ. ಆದರೆ ಅವನ ಹೊಟ್ಟೆ ಒಳಗೊಳಗೇ ಕುಣಿಯುತ್ತಿತ್ತು.

ಆ ವಾರದ ಭಾನುವಾರ ಬೀರೇಶನೆಂಬ ಹೊಸಬನೊಬ್ಬ ತನ್ನ ಕಷ್ಟವನ್ನು ಬೆಂಚಿನ ಮುಂದಿಟ್ಟ. ದೂರದ ಕುರಿಹಟ್ಟಿಯ ಹುಡುಗ, ಮಾತು ಕಡಿಮೆ. ಮುಂದಿನ ಹುಣ್ಣಿಮೆಗೆ ಕೊನೆಯ ಪರೀಕ್ಷೆ. ಅಷ್ಟರಲ್ಲಿ ಸೀಟಿ ಹಿಡಿಯದ ಮೈಯನ್ನು ಸಡಿಲು ಎಂದು ಕರೆದು ಮನೆಗೆ ಅಟ್ಟುತ್ತಾರೆ. ಹಟ್ಟಿಯಿಂದ ಗುಡ್ಡ ಹತ್ತಿದವರಲ್ಲಿ ಇವನೇ ಮೊದಲಿಗ. ಇವನ ತಾಯಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಇವನು ಮೆಲ್ಲಗೆ ಕೇಳಿದ್ದು ಇಷ್ಟು: ನಿಂತಾಗ ನಿಮಗೆ ನಿಜವಾಗಿಯೂ ಏನೂ ಕೇಳುವುದಿಲ್ಲವೇ? ನನಗೆ ಎಲ್ಲವೂ ಕೇಳುತ್ತದೆ.

ಜೊತೆಯ ಹುಡುಗರು ಬೇರೆ ಕಡೆ ನೋಡಿದರು. ಬಾವಿಯ ತಳದಲ್ಲಿ ಕಲ್ಲು ಹೇಗಿರುತ್ತದೋ ಹಾಗಿರುತ್ತೇವೆ ಎಂದ ಇಮಾಮಸಾಬ. ನಾಗೋಜಿ ಮಾತ್ರ ನಕ್ಕು, ಗದ್ದದಿಂದ ನನ್ನ ಕಡೆ ತೋರಿಸಿದ. "ಕೇಳಿಸಿದ್ರೆ ಕೇಳಿಸ್ಲಿ ಬಿಡಲೇ. ಇವ್ನ ಪಕ್ಕ ಚೀಲದ ಮ್ಯಾಲೆ ಜಾಗ ಐತೆ. ಬದಲುಗೈ ಆಗು, ಹೊಟ್ಟೆ ತುಂಬ ಮಂಡಕ್ಕಿ." ನನಗೇನೂ ಬೇಸರವಾಗಲಿಲ್ಲ, ಅದು ಒಳ್ಳೆಯ ಕೆಲಸವೇ. ಹುಡುಗನ ಕಿವಿ ಮಾತ್ರ ಕೆಂಪಾದವು. ಅವನು ತಲೆ ತಗ್ಗಿಸಿ ಮಂಡಕ್ಕಿಯನ್ನು ಒಂದೊಂದೇ ಕಾಳಾಗಿ ಎತ್ತಿಡತೊಡಗಿದ.

ಅದನ್ನು ನೋಡಲಾರದೆ ಹಾಲಪ್ಪ ಬಾಯಿ ಹಾಕಿದ. "ಸುಮ್ನಿರೋ ನಾಗೋಜಿ. ನೀನು ಹೆದರ್ಬ್ಯಾಡ ಮಗ, ಮೈ ತಾನೇ ಕಲೀತೈತೆ. ಒಂದ್ಸಲ ಕಲೀತು ಅಂದ್ರೆ ಯಾರು ಊದಿದ್ರು ಅಂತ್ಲೂ ಅದು ಕೇಳಲ್ಲ. ನಮ್ಮನೆಯಾಕೆ ಮದುವೆ ಆದ ಹೊಸದ್ರಾಗೆ ಹಿತ್ಲಾಗೆ ನಿಂತು ಬಾಯಾಗೆ ಎರಡು ಬೆರಳಿಟ್ಟು ಊದಿದ್ಲು. ಕೊಡ ಹೊತ್ಕಂಡ್ ಬರ್ತಿದ್ದೋನು ನಾನು ಅಲ್ಲೇ ಕಂಬ. ಬಿಡ್ಸಾಕೆ ಬರ್ದೇ ನನ್ ಕಾಲು ಹಿಡ್ಕಂಡು ಅತ್ತಾಳೆ."

ಬೆಂಚು ನಕ್ಕಿತು, ನೆಲ ನಕ್ಕಿತು, ಚೀಲದವರೂ ನಕ್ಕರು. ಬೀರೇಶನೂ ನಕ್ಕ. ನಾಗೋಜಿ ಎದ್ದು ಬೆರಳು ಬಾಯಲ್ಲಿಟ್ಟು ಹೆಂಗಸಿನಂತೆ ಬಳುಕಿ ತೋರಿಸಿದಾಗ ಇನ್ನೊಮ್ಮೆ ನಕ್ಕರು. ಎಲ್ಲರಿಗಿಂತ ತಡವಾಗಿ ನಗು ನಿಲ್ಲಿಸಿದ ಇಮಾಮಸಾಬ, ಕಣ್ಣೊರೆಸಿಕೊಳ್ಳುತ್ತ, ಮರ್ಯಾದೆಗೆ ಕೇಳುವಂತೆ ಕೇಳಿದ.

"ಅಲ್ಲಪ್ಪ, ನೀನು ನಿಂತಿದ್ದೆಯಲ್ಲ. ಇದನ್ನ ನಿಂಗೆ ಹೇಳಿದ್ದು ಯಾರು?"

ಹಾಲಪ್ಪ ಮಂಡಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದ. ಬಾಗಿಲ ಬಳಿ ಜರಡಿಯ ಸದ್ದು ನಿಂತಿತ್ತು. ಎಲ್ಲರೂ ಆ ಕಡೆ ತಿರುಗಿದರು. ಕರಿಬಸಮ್ಮ ಯಾರ ಮುಖವನ್ನೂ ನೋಡದೆ, "ಇನ್ಯಾರು ಹೇಳ್ತಾರೆ, ನಾನೇ ಹೇಳಿದ್ದು" ಎಂದಳು. ಜರಡಿಯನ್ನು ಎರಡು ಸಲ ಆಡಿಸಿದಳು. ಆಮೇಲೆ ಅರ್ಧ ಉಳಿದ ಮಂಡಕ್ಕಿಯನ್ನು ಹಾಗೆಯೇ ಹೊತ್ತು ಒಳಗೆ ಹೋದಳು. ಬೆಂಚಿಗೆ ಸಮಾಧಾನವಾಯಿತು, ಮಾತು ಮತ್ತೆ ಬೂಟಿನ ಕಡೆಗೆ ಹೊರಳಿತು. ಎಲ್ಲಿ, ಯಾವಾಗ ಹೇಳಿದ್ದೆಂಬುದನ್ನು ಬಲ್ಲವರು ಮೂವರೇ.

ಸೋಮವಾರ ಸೀಟಿ ಬಿತ್ತು, ನಾನು ಹುಟ್ಟು ತೆಗೆದುಕೊಂಡೆ, ಹಾಲಪ್ಪ ನಿಂತ. ಕರಿಬಸಮ್ಮ ಬರಲಿಲ್ಲ. ಒಳಗಿನ ಅಂಗಳದಲ್ಲಿ ಒನಕೆಯ ಸದ್ದು ಕೇಳುತ್ತಿತ್ತು. ಮಂಗಳವಾರವೂ ಹಾಗೆಯೇ, ಆಮೇಲಿನ ದಿನಗಳೂ ಹಾಗೆಯೇ. ಉಳಿದುದರಲ್ಲಿ ಏನೂ ಬದಲಾಗಲಿಲ್ಲ. ಊಟಕ್ಕೆ ಬನ್ನಿ ಎನ್ನುತ್ತಿದ್ದಳು, ಬಡಿಸುತ್ತಿದ್ದಳು, ನೀವು ಎನ್ನುತ್ತಿದ್ದಳು. ಸೀಟಿಯ ನಡುವೆ ಮಾತ್ರ ಭಟ್ಟಿಯ ಕಡೆ ಸುಳಿಯುತ್ತಿರಲಿಲ್ಲ. ಹಾಲಪ್ಪ ಬಾಗಿಲಿಗೆ ಮುಖ ಮಾಡಿ ನಿಲ್ಲುವ ಹಾಗೆ ಹುರಿಯುವ ಜಾಗವನ್ನೇ ಬದಲಿಸಿಕೊಂಡ. ಬೀದಿಯುದ್ದಕ್ಕೂ ಬೇರೆ ಮನೆಗಳಿಂದ ಹೆಂಗಸರ ಮಾತು ಗುಂಯ್ಗುಡುತ್ತಿದ್ದಾಗ ನಮ್ಮಲ್ಲಿ ಮರಳು ಕೆರೆಯುವ ಸದ್ದಷ್ಟೇ ಇರುತ್ತಿತ್ತು. ನಾನು ಉರಿಯನ್ನು ಯಾವ ಮಗ್ಗುಲಿಗೆ ಹಾಕಿದರೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು.

ತಪ್ಪಾಯಿತೆಂದು ಹೇಳಿಬಿಡು ಎಂದು ನಾನೊಮ್ಮೆ ಅಂದೆ. ಹೇಳಲು ಹೋದನಂತೆ. ಊಟದ ಎಲೆಯ ಮುಂದೆ ಕೂತು ಅವಳ ಮುಖ ನೋಡಿದಾಗ, ಉಪ್ಪು ಬೇಕೇ ಎಂದು ಕೇಳಿದಳಂತೆ. ಬೇಕು ಎಂದನಂತೆ. "ಕದ್ದು ಕೇಳ್ದೋನು ಅಂತ ಗೊತ್ತಾಗೈತೆ. ಇನ್ನು ಬರಲ್ಲ ಕಣಪ್ಪ" ಎಂದು ಹೇಳಿ ಅವನು ಮೂಟೆ ಬಿಚ್ಚಲು ಹೋದ. ಆ ಮೂಟೆ ಆಗಲೇ ಬಿಚ್ಚಿತ್ತು.

ಮುಂದಿನ ಭಾನುವಾರ, ಹುಣ್ಣಿಮೆಗೆ ಮೊದಲಿನ ಕೊನೆಯ ರಜೆಯಾದ್ದರಿಂದ, ಹೊಸಬರು ಹೆಚ್ಚಾಗಿಯೇ ಇಳಿದಿದ್ದರು. ಹೊರಡುವ ಮುಂಚೆ ಚೇಳಿನ ಕಥೆ ಕೇಳಿಕೊಂಡು ಹೋದರೆ ಪರೀಕ್ಷೆಯಲ್ಲಿ ಮೈ ನಿಲ್ಲುತ್ತದೆಂದು ಅವರಲ್ಲೊಂದು ನಂಬಿಕೆ. ಹಾಲಪ್ಪ ಮರಳು ಕಲಕುತ್ತಲೇ ಕಥೆ ಎತ್ತಿಕೊಂಡ. ಅವನ ದನಿ ಒಣಗಿತ್ತು, ಆದರೂ ಉಸ್ತಾದನ ಹೆಸರು ಹೇಳುವುದನ್ನು ಮರೆಯಲಿಲ್ಲ. ರೊಟ್ಟಿಗೆ ಕೈ ಚಾಚಿದ. ಅಂಗೈಗೆ ಚೇಳು ಬಿತ್ತು. ಅದು ಮಣಿಕಟ್ಟು ದಾಟಿತು. ಬೆಂಚು ಉಸಿರು ಹಿಡಿಯಿತು. "ಮೊಣಕೈಗೆ ಬಂದಿದ್ದು, ಅಲ್ಲಿ ಸ್ವಲ್ಪ ನಿಂತು, ಬಾಲ ಎತ್ತಿ" ಎನ್ನುತ್ತಿದ್ದಂತೆ ಗುಡ್ಡದಿಂದ ಸೀಟಿ ಬಿತ್ತು. ರಜೆಯ ಹುಡುಗರ ಮೈಯೂ ಮರೆಯದಿರಲೆಂದು ಉಸ್ತಾದರು ಹೀಗೆ ಮಾಡುವುದುಂಟು.

ಇಮಾಮಸಾಬನ ಕೈ ಗಡ್ಡದಲ್ಲಿ ನಿಂತಿತು. ನಾಗೋಜಿ ಬಾಯಿಗೆ ಎಸೆದ ಮಂಡಕ್ಕಿ ಅರ್ಧ ತುಟಿಯಲ್ಲಿ, ಅರ್ಧ ಮಡಿಲಿನಲ್ಲಿ. ನೆಲದ ಮೇಲಿನ ಹುಡುಗರೆಲ್ಲ ಮೇಲೆತ್ತಿದ ಮುಖಗಳನ್ನು ಹಾಗೆಯೇ ಇಟ್ಟುಕೊಂಡು ನಿಂತುಹೋದರು. ಚೀಲದ ಮೇಲೆ ಆ ದಿನ ಯಾರೂ ಇರಲಿಲ್ಲ. ನಾನು ಹುಟ್ಟಿಗೆ ಕೈ ಚಾಚಿದೆ. ಹಾಲಪ್ಪ ಅದನ್ನು ನನ್ನ ಕೈಗಿಟ್ಟು, ನನ್ನ ಬೆರಳುಗಳನ್ನು ತಾನೇ ಅದರ ಸುತ್ತ ಮಡಿಸಿದ. ಪಂಚೆಗೆ ಹತ್ತಿದ ಹೊಟ್ಟು ಕೊಡವಿದ. ಬೆಂಚಿನ ಮುಂದಿನಿಂದಲೇ, ಇಮಾಮಸಾಬನ ಮೊಣಕಾಲು ದಾಟಿ, ನಡೆದುಕೊಂಡು ಒಳಗೆ ಹೋದ.

ನಿಂತ ಮುಖಗಳ ನಡುವೆ ಒಂದು ಜೊತೆ ಕಣ್ಣು ಅವನೊಂದಿಗೆ ಬಾಗಿಲವರೆಗೆ ಹೋಗಿ ಬಂದವು. ಬೀರೇಶನ ಕಣ್ಣುಗಳು. ನನ್ನ ಕಣ್ಣಿಗೆ ಸಿಕ್ಕೊಡನೆ ಅವು ಮತ್ತೆ ಕಲ್ಲಾದವು. ನಾನು ಮರಳು ಕಲಕಿದೆ.

ಒನಕೆಯ ಸದ್ದು ನಿಂತಿತು. ಒಳಗಿನಿಂದ ಕರಿಬಸಮ್ಮನ ದನಿ ಬಂತು, ಸಿಟ್ಟಿನದಲ್ಲ, ಲೆಕ್ಕ ತಪ್ಪಿದುದನ್ನು ತೋರಿಸುವವರ ದನಿ. "ಸೀಟಿ ಆಗೈತೆ. ನೀವು ನಿಂತಿರ್ಬೇಕಲ್ಲ."

"ನಿಂತೀನಿ" ಎಂದ ಹಾಲಪ್ಪ.

ಅರಳಿದ ಅಕ್ಕಿಯನ್ನು ನಾನು ಒಂದು ಸಲ ಜರಡಿಗೆ ಸುರಿದು, ಇನ್ನೊಂದು ಸಲಕ್ಕೆ ಅಕ್ಕಿ ಹಾಕಿದೆ. ಅವನು ಅಂಗಳದ ನಡುವೆ, ಕೈ ಇಳಿಬಿಟ್ಟು, ಅವಳ ಎದುರಿಗೆ ಅಲುಗದೆ ನಿಂತಿದ್ದಾನೆಂದು ನೋಡದೆಯೇ ತಿಳಿಯಿತು. ಆಮೇಲೆ ಅವಳು ಆರಂಭಿಸಿದಳು.

"ಕಣ್ಣು ಮುಚ್ಕೊ ಹಾಲಪ್ಪ, ಉರೀತಾವೆ. ಜ್ವರ ಬಿಟ್ಟಾಗಿಂದ್ಲೂ ಉರೀತಾ ಇದಾವೆ ನಿಂಗೆ, ನಾನೇನು ಕುರುಡಿಯಲ್ಲ. ಕೇಳಿಸ್ಕಂಡಿದ್ದಕ್ಕೆ ನಂಗೇನೂ ಇಲ್ಲ. ಕೇಳ್ಲಿ ಅಂತ್ಲೇ ಹೇಳಿದ್ದು. ಅದನ್ನ ಬೆಂಚಿಗೆ ಕೊಟ್ಟೆಯಲ್ಲ ನೀನು. ಆ ನಾಗೋಜಿ ಬಳುಕಿ ತೋರಿಸ್ದ."

ಅವನು ಉತ್ತರ ಕೊಟ್ಟನೋ ಇಲ್ಲವೋ ನನಗೆ ಕೇಳಲಿಲ್ಲ. ಅವಳು ಮುಂದುವರಿದಳು. ಮೊಣಕಾಲಿಗೆ ಹೊಸ ಎಣ್ಣೆ ಹಚ್ಚಿದ್ದು, ಅದರ ನಾತ, ಈ ವಾರವಿಡೀ ಹೇಳಬೇಕೆಂದಿದ್ದೂ ಹೇಳದೆ ಉಳಿದ ಒಂದು ಕನಸು. ಮಾತು ಒಮ್ಮೆ ಶುರುವಾದ ಮೇಲೆ ಅದರ ವೇಗ ಮೊದಲಿನಂತೆಯೇ ಆಯಿತು. ನಾನು ಗುಡ್ಡದ ಕಡೆ ನೋಡುತ್ತಿದ್ದೆ. ಬೆಂಚಿನ ತುದಿಯಲ್ಲಿ ಅವನ ಜಾಗ ಖಾಲಿಯಿತ್ತು. ಒಲೆಯ ಮುಂದೆಯೂ ಅವನಿರಲಿಲ್ಲ. ಎರಡನೆಯ ಸೀಟಿಗೆ ಮೊದಲು ಹಿಂತಿರುಗಿದರೆ ಎಲ್ಲವೂ ಇದ್ದಂತೆಯೇ ಇರುತ್ತಿತ್ತು. ಒಂದು ಸಲ ಕೆಮ್ಮಿ ಎಚ್ಚರಿಸಿದೆ. ಒಳಗಿನವರು ಅದನ್ನು ಕೆಮ್ಮೆಂದೇ ತಿಳಿದರು.

ಎರಡನೆಯ ಸೀಟಿ ಬಂತು. ನಾಗೋಜಿ ಮಂಡಕ್ಕಿ ನುಂಗಿದ. ಇಮಾಮಸಾಬನ ಕೈ ಗಡ್ಡದಿಂದ ಇಳಿಯಿತು. ಎಲ್ಲರೂ ವಾಡಿಕೆಯಂತೆ, ಬಾಲ ಎತ್ತಿದ ಚೇಳು ಏನು ಮಾಡಿತೆಂದು ಕೇಳಲು ಒಲೆಯ ಕಡೆ ನೋಡಿದರು. ಅಲ್ಲಿ ನಾನಿದ್ದೆ. ಬೆಂಚಿನಿಂದ ಯಾರೂ ನಡುವೆ ಏನಾಯಿತೆಂದು ಕೇಳಲಿಲ್ಲ. ಒಳಗಿನ ಮಾತು ಇನ್ನೂ ನಿಂತಿರಲಿಲ್ಲ. ಸೀಟಿಯಾದರೂ ಅದು ನಿಲ್ಲಲಿಲ್ಲ. ತೆರೆದ ಬಾಗಿಲಿನಿಂದ, ಹಾಲಪ್ಪ, ನೀನು, ಹಾಲಪ್ಪ ಎಂದು, ಸಂಜೆಯ ಬೆಳಕಿನಲ್ಲಿ, ಎದ್ದು ಓಡಾಡುವ ಗಂಡನಿಗೆ ಹೆಂಡತಿಯೊಬ್ಬಳು ಹೇಳುತ್ತಿರುವುದನ್ನು ಬೆಂಚು ಕೇಳುತ್ತಿತ್ತು. ನಾಗೋಜಿ ಏನೋ ಹೇಳಲು ಬಾಯಿ ತೆರೆದವನು ಇಮಾಮಸಾಬನ ಮುಖ ನೋಡಿ ಮುಚ್ಚಿದ.

ಆಗ ನೆಲದ ಮೇಲಿನಿಂದ ಬೀರೇಶ, ಗಂಟಲು ಸರಿಮಾಡಿಕೊಂಡು, ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡ. ಬಾಲ ಎತ್ತಿ, ಅತ್ತ ಇತ್ತ ನೋಡಿ, ಹೆಗಲಿಗೆ ಹತ್ತಿತು ಎಂದ. ಹೊಸಬನೊಬ್ಬ ಬೆಂಚಿನ ಕಥೆ ಹೇಳಿದ್ದು ಅಲ್ಲಿ ಹಿಂದೆಂದೂ ಇರಲಿಲ್ಲ. ಅವನ ದನಿ ಮೆಲ್ಲಗಿತ್ತು, ಕಣ್ಣು ಇಮಾಮಸಾಬನ ಮೇಲಿತ್ತು. ಇಮಾಮಸಾಬ ಅವನನ್ನು ನೋಡಿದ, ಒಲೆಯ ಮುಂದಿನ ಖಾಲಿ ಜಾಗವನ್ನು ನೋಡಿದ, ಒಳಗಿನ ಬಾಗಿಲ ಕಡೆ ಮಾತ್ರ ನೋಡಲಿಲ್ಲ.

"ಜೋರಾಗಿ ಹೇಳಪ್ಪ" ಎಂದ. "ಒಲೆ ಸದ್ದಿನಾಗೆ ಏನೂ ಕೇಳಂಗಿಲ್ಲ."

ಹುಡುಗ ದನಿ ಏರಿಸಿದ. ನಾನು ಹುಟ್ಟನ್ನು ಮರಳಿಗೆ ಒತ್ತಿ, ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ ಕಲಕಿದೆ.